ಹತ್ತಕ್ಕೆ ಏಳು

ಪೀಣ್ಯ, ಬೆಂಗಳೂರು
12 ಜೂನ್ 1981

ಬಾಗ್ಯಾ, ನಿನಗೆ ಸಿಕ್ಕಿಬಿಡ್ತು ಕಣೇ, ಟ್ರಸ್ಟಿನ ಸ್ಕಾಲರ್‌ಶಿಪ್ಪು ನಿನಗೇ ಸಿಕ್ಕಿಬಿಡ್ತು!

ಅನುಸೂಯಮ್ಮ ಮೇಡಂ ಮನೆಯಿಂದ ಈಗ ತಾನೇ ಓಡಿ ಬಂದೆ. ಕಾಲಲ್ಲಿ ಇನ್ನೂ ಚಪ್ಪಲಿ ಇದೆ, ಒಲೆ ಮೇಲೆ ಹಾಲಿದೆ, ಉಕ್ಕಿದರೆ ಉಕ್ಕಲಿ. ಮೇಡಂ ಯಾರು ಅಂತ ಹೇಳಿದ್ದೆನಲ್ಲ, ನಮ್ಮ ಗೋಪಿ ಕೆಲಸ ಮಾಡೋ ಫ್ಯಾಕ್ಟರಿಯ ಯಜಮಾನರ ಹೆಂಡತಿ. ಅತ್ತೆಯ ಹೆಸರಿನಲ್ಲಿ ರಾಮಮ್ಮ ವಿದ್ಯಾಸಹಾಯ ಟ್ರಸ್ಟ್ ಅಂತ ನಡೆಸ್ತಾರೆ. ವರ್ಷಕ್ಕೆ ಏಳೇ ಹುಡುಗಿಯರು. ಈ ಸಲ ಅರ್ಜಿ ಬಂದಿದ್ದು ನೂರ ನಲವತ್ತು! ಪಟ್ಟಿಯಲ್ಲಿ ಮೂರನೇ ಹೆಸರು ನಿಂದು. ನಾನು ಅಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಮದುವೆಯಾಗಿ ಐದು ವಾರವಾದ ಹೆಂಗಸು ಹೀಗೆಲ್ಲ ಕುಣೀಬಾರದಂತೆ, ಮೇಡಂ ನಕ್ಕರು.

ಈಗ ಕೇಳು. ಹೆಣ್ಣುಮಕ್ಕಳ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲ ಟ್ರಸ್ಟಿನದು. ಕಾಲೇಜು ಶುರುವಾಗೋ ಮೊದಲೇ ಭಾನುವಾರ ಭಾನುವಾರ ಇಲ್ಲಿ ಕ್ಲಾಸು: ಇಂಗ್ಲಿಷು, ಟೈಪಿಂಗು, ಇಂಟರ್‌ವ್ಯೂನಲ್ಲಿ ಹೇಗೆ ಕೂತ್ಕೋಬೇಕು, ಹೇಗೆ ಮಾತಾಡಬೇಕು. ಡಿಪ್ಲೊಮಾ ಮುಗಿದ ಮೇಲೆ ಇಲ್ಲೇ ಟೆಸ್ಟಿಂಗ್ ಸೆಕ್ಷನ್‌ನಲ್ಲಿ ಕೆಲಸ. ಬಿಳಿ ಕೋಟು, ಎತ್ತರದ ಸ್ಟೂಲು, ತಲೆ ಮೇಲೆ ಫ್ಯಾನು! ನೀನು ನಮ್ಮ ಮನೆಗೆ ಹಾಲು ಹಾಕೋಕೆ ಬರ್ತಿದ್ದವಳು, ಬಿಳಿ ಕೋಟು ಹಾಕ್ಕೊಂಡು ಗೋಪಿ ಹತ್ತಿರ ಸೈನ್ ಮಾಡಿಸಿಕೊಳ್ಳೋದನ್ನ ನೆನೆಸಿಕೊಂಡರೆ ನಗು ಬರುತ್ತೆ, ಅಳುನೂ ಬರುತ್ತೆ.

ಉಳಿದಿರೋದು ಒಂದೇ, ಮನೆ ವಿಚಾರಣೆ. ಟ್ರಸ್ಟಿನವರು ಒಬ್ಬರು ಮನೆಗೆ ಬಂದು ನೋಡಿ ಎರಡು ಪುಟ ಬರೆದು ಕೊಡಬೇಕು. ಹೆಸರಿಗೆ ಮಾತ್ರ. ಯಾರನ್ನು ಕಳಿಸೋದು ಅಂತ ಮೇಡಂ ಯೋಚಿಸ್ತಿದ್ದರು, ನಾನೇ ಕೈ ಎತ್ತಿದೆ. ಆಷಾಢಕ್ಕೆ ಹೇಗೂ ತವರಿಗೆ ಬರ್ತೀನಲ್ಲ! (ಗೋಪಿ ಇಲ್ಲದೆ ಒಂದು ತಿಂಗಳು. ಸತ್ತೇ ಹೋಗ್ತೀನಿ.)

ನಂದು ಕಾನ್ವೆಂಟ್ ಕನ್ನಡ, ತಪ್ಪಿದ್ದರೆ ನಗಬೇಡ.

ನಿನ್ನ
ಪಮ್ಮಿ

*

ಪಟ್ಟಂದೂರು ಅಗ್ರಹಾರ
29-6-81

ಪ್ರಮೀಳಕ್ಕನವರಿಗೆ ಭಾಗ್ಯಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನ ಅಮ್ಮ ಹಸುವಿನ ಕೊರಳು ತಬ್ಬಿಕೊಂಡು ಅತ್ತಳು. ನನ್ನನ್ನು ತಬ್ಬಿಕೊಳ್ಳೋಕೆ ನಾಚಿಕೆಯಂತೆ. ಅಪ್ಪ ಇದ್ದಿದ್ದರೆ ಅಂತ ಒಂದು ಸಲವೂ ಅನ್ನಲಿಲ್ಲ. ಅನ್ನೋಕೆ ನಲ್ಲಪ್ಪ ಮಾವ ಬಿಡಲ್ಲ. ಅಪ್ಪ ಸತ್ತಾಗ ನನಗೆ ನಾಲ್ಕು ವರ್ಷ, ಅಮ್ಮನ ತಮ್ಮನಾದ ಅವನಿಗೆ ಹದಿನಾರು. ಅವತ್ತಿಂದ ಅವನೇ ನನಗೆ ಅಪ್ಪ.

ನಿನ್ನೆ ಮೊದಲನೇ ಕ್ಲಾಸಿಗೆ ಬಂದಿದ್ದೆ. ಮಾವನೇ ಕರೆದುಕೊಂಡು ಬಂದ. ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಗಂಡಸರನ್ನು ಒಳಗೆ ಬಿಡಲ್ಲ ಅಂದರು. ಹತ್ತು ಗಂಟೆಯಿಂದ ನಾಲ್ಕರವರೆಗೆ ಗೇಟಿನ ಹತ್ತಿರವೇ ಕೂತಿದ್ದ. ವಾಚ್‌ಮನ್ನು, "ಏನಪ್ಪಾ, ಕೆಲಸ ಕೇಳೋಕೆ ಬಂದ್ಯಾ?" ಅಂದನಂತೆ. ಇವನು, "ಇಲ್ಲ ಸಾರ್, ನನ್ ಮಗು ಒಳಗೆ ಓದ್ತಾ ಅದೆ" ಅಂದನಂತೆ. ಬಸ್ಸಲ್ಲಿ ಅದನ್ನೇ ನಾಲ್ಕು ಸಲ ಹೇಳಿ ನಕ್ಕ.

ಕ್ಲಾಸಿನಲ್ಲಿ ಕುರ್ಚಿಯ ತುದಿಯಲ್ಲಿ ಕೂರಬಾರದು ಅಂತ ಹೇಳಿಕೊಟ್ಟರು. ನಾವು ಏಳು ಜನವೂ ತುದಿಯಲ್ಲೇ ಕೂತಿದ್ದೆವು. ಆಮೇಲೆ ಎಲ್ಲರಿಗೂ ಡ್ರಾಯಿಂಗ್ ಇನ್‌ಸ್ಟ್ರುಮೆಂಟ್ ಬಾಕ್ಸ್ ಕೊಟ್ಟರು. ಒಳಗೆ ನೀಲಿ ಮಖಮಲ್ಲು. ಮನೆಗೆ ಬಂದ ಕೂಡಲೇ ಮಾವ ಮೊಳೆ ತಗೊಂಡು ಮುಚ್ಚಳದ ಒಳಗೆ ನನ್ನ ಹೆಸರು ಕೆತ್ತಿದ. ಅವನು ಓದಿರೋದು ಮೂರನೇ ಕ್ಲಾಸು. 'ಭಾ' ಒಂದಕ್ಕೇ ಕಾಲು ಗಂಟೆ ಹಿಡಿಯಿತು. ಅಕ್ಷರ ಆಳವಾಗಿ ಬಿದ್ದಿದೆ.

ಮಾವನಿಗೆ ಸರ್ಜಾಪುರದಲ್ಲಿ ಒಂದು ಹೆಣ್ಣು ನೋಡಿದ್ದಾರೆ. ಎರಡೂ ಕಡೆ ಒಪ್ಪಿದ್ದಾರೆ. "ಮಗಾನ ಕಾಲೇಜಿಗೆ ಸೇರಿಸ್ದೇಟ್ಗೆ ನನ್ ಲಗ್ನ" ಅಂತ ದಿನ ಮುಂದಕ್ಕೆ ಹಾಕಿಸಿದ್ದಾನೆ.

ಮನೆ ವಿಚಾರಣೆಗೆ ಯಾವ ಯಾವ ಕಾಗದ ಎತ್ತಿಡಬೇಕು, ದಯವಿಟ್ಟು ತಿಳಿಸಿ.

ಇಂತಿ,
ಭಾಗ್ಯಮ್ಮ

*

ಪೀಣ್ಯ
4 ಆಗಸ್ಟ್ 1981

ಮುದ್ದು ಬಾಗ್ಯಾ,

ಆಷಾಢ ಮುಗೀತು, ಗೋಪಿ ಸಿಕ್ಕ! ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರಿಗೆ ನನ್ನ ಕೈ ಹಿಡಿದುಕೊಂಡುಬಿಟ್ಟ, ಅತ್ತೆ ಕೆಮ್ಮಿದರು.

ನಿನ್ನ ವಿಚಾರಣೆಯ ರಿಪೋರ್ಟು ಕೊಟ್ಟಾಯ್ತು. ಸಕ್ಕತ್ತಾಗಿ ಬಂದಿದೆ ಕಣೇ! ಬೇರೆ ಆರು ಹುಡುಗಿಯರದ್ದೂ ನೋಡಿದೆ, ಬರೀ ಒಣ ಒಣ. 'ಮನೆ ಹೆಂಚಿನದು, ಹಸು ಎರಡು, ಗಾರ್ಡಿಯನ್ ಚಿಕ್ಕಪ್ಪ.' ಓದಿದವರಿಗೆ ನಿದ್ದೆ ಬರುತ್ತೆ. ನಾನು ಹಾಗೆ ಬರೀತೀನಾ? ಕಾನ್ವೆಂಟಿನಲ್ಲಿ ನಾಲ್ಕು ವರ್ಷ ಎಸ್ಸೆ ಪ್ರೈಜ್ ಸುಮ್ಮನೆ ಕೊಟ್ಟರಾ?

ಅವತ್ತು ನಿಮ್ಮನೆ ಜಗಲಿ ಮೇಲೆ ಕೂತು ಕಡಲೆಕಾಯಿ ತಿಂದಿದ್ದು ನೆನಪಿದೆಯಲ್ಲ? ನಿಮ್ಮಜ್ಜಿ ಸೊಣ್ಣಮ್ಮ ನಿನ್ನನ್ನ ರೇಗಿಸಿದ್ದು? "ಇವ್ಳು ದೊಡ್ಡೋಳಾದಾಗ ಸೊಪ್ಪು ತಂದು ಗುಡ್ಲಾಕ್ದೋನು ಇವ್ನೇ ಕಣವ್ವಾ, ತಾಳಿ ಕಟ್ಟೋಕ್ ಮಾತ್ರ ಸರ್ಜಾಪುರಕ್ ಓಯ್ತಾನೆ!" ನೀನು ಕಡಲೆಕಾಯಿ ಸಿಪ್ಪೆ ಎಲ್ಲ ಅಜ್ಜಿ ಮೇಲೆ ಎರಚಿ ಒಳಗೆ ಓಡಿದೆ. ನಲ್ಲಪ್ಪ ಮಾವ ಕೆಂಪಗಾಗಿ, "ಸುಮ್ಕಿರವ್ವಾ, ಮಗು ಅದು" ಅಂದ. ನನಗೆ ನಕ್ಕೂ ನಕ್ಕೂ ಹೊಟ್ಟೆನೋವು.

ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು, 'ಹುಡುಗಿಯ ಬೆನ್ನಿಗೆ ಮನೆಯಲ್ಲಿ ಯಾರು ನಿಂತಿದ್ದಾರೆ?' ಅಂತ. ಅದಕ್ಕೆ ಇದನ್ನೇ ಬರೆದುಬಿಟ್ಟೆ. ಇಂಗ್ಲಿಷಿನಲ್ಲಿ ಇನ್ನೂ ಚೆಂದ ಇದೆ, ಕನ್ನಡದಲ್ಲಿ ಹೇಳ್ತೀನಿ: 'ಇವಳ ಸೋದರಮಾವ ನಲ್ಲಪ್ಪ ಇವಳಿಗಾಗಿ ತನ್ನ ಕೈಯಾರೆ ಹಸಿರು ಗುಡಿಸಲು ಕಟ್ಟಿದವನು. ಊರಿನ ಕಣ್ಣಲ್ಲಿ ಅವನೇ ಇವಳ ವರ. ಇವಳು ಓದಿ ಬರಲೆಂದು ಅವನು ಕಾಯುತ್ತಿದ್ದಾನೆ.' ಹೇಗಿದೆ? ಗೋಪಿಗೆ ಓದಿ ಹೇಳಿದೆ, ಹಾಸಿಗೆ ಮೇಲೆ ಬಿದ್ದು ಹೊರಳಾಡಿ ನಕ್ಕ. ನನ್ನ ಕೈಗೆ ಮುತ್ತು ಕೊಟ್ಟು, "ಇದು ರೈಟರ್ ಕೈ" ಅಂದ.

ಇನ್ನು ನೀನು ನಿಶ್ಚಿಂತೆಯಾಗಿರು. ನಾವು ಹದಿನಾರಕ್ಕೆ ಊಟಿಗೆ! ಅಂತೂ ಹನಿಮೂನು!

ನಿನ್ನ
ಪಮ್ಮಿ

*

ಪಟ್ಟಂದೂರು ಅಗ್ರಹಾರ
27-8-81

ಪ್ರಮೀಳಕ್ಕನವರಿಗೆ,

ಟ್ರಸ್ಟಿನಿಂದ ಕಾಗದ ಬಂದಿದೆ. ಮಾವನ ಹೆಸರಿಗೆ ಬಂದಿತ್ತು, ಇಂಗ್ಲಿಷಿನಲ್ಲಿ ಟೈಪಾಗಿತ್ತು. ನಾನು ರಾಗಿ ಬೀಸಿಕೊಂಡು ಬರೋಕೆ ಮಿಲ್ಲಿಗೆ ಹೋಗಿದ್ದೆ. ಫೀಸು ಕಟ್ಟಿದ ಕಾಗದ ಅಂದುಕೊಂಡು ಮಾವ ಅದನ್ನು ಚಿನ್ನಪ್ಪನ ಟೀ ಅಂಗಡಿಗೆ ತಗೊಂಡು ಹೋದ. ಹನುಮಯ್ಯ ಮೇಷ್ಟ್ರು ಅಲ್ಲಿದ್ದರು. "ಗಟ್ಟಿಯಾಗಿ ಓದಿ ಮೇಷ್ಟ್ರೇ, ಎಲ್ರೂ ಕೇಳ್ಸ್ಕಳ್ಳಿ" ಅಂದು ಅಲ್ಲಿದ್ದವರಿಗೆಲ್ಲ ಟೀ ಹೇಳಿದ.

ಮೇಷ್ಟ್ರು ಮೊದಲು ತಾವು ಓದಿಕೊಂಡರಂತೆ. "ಮನೆಗೆ ಹೋಗಿ ಓದಾಣ ನಡಿ ನಲ್ಲಪ್ಪ" ಅಂದರಂತೆ. ಇವನು ಬಿಡಲಿಲ್ಲ. ಅವರು ಓದಿ ಕನ್ನಡದಲ್ಲಿ ಹೇಳಿದ್ದು ಇಷ್ಟು: ಅಭ್ಯರ್ಥಿಯ ಮದುವೆ ಆಕೆಯ ಸೋದರಮಾವ ನಲ್ಲಪ್ಪನೊಂದಿಗೆ ನಿಶ್ಚಯವಾಗಿರುವುದು ಮನೆ ವಿಚಾರಣೆಯಿಂದ ತಿಳಿದಿದೆ. ಮದುವೆ ನಿಶ್ಚಯವಾದ ಹುಡುಗಿಯರು ಓದನ್ನು ನಡುವೆ ಬಿಡುವುದರಿಂದ ಟ್ರಸ್ಟಿನ ನಿಯಮದಂತೆ ಅವಳ ಹೆಸರನ್ನು ತೆಗೆಯಲಾಗಿದೆ. ಬಾಕ್ಸನ್ನು ಹಿಂತಿರುಗಿಸತಕ್ಕದ್ದು.

ಚಿನ್ನಪ್ಪ ಮೊದಲು ಬಾಯಿ ಬಿಟ್ಟನಂತೆ. "ಏನ್ಲಾ ನಲ್ಲ, ಮನೇಲೇ ಎಣ್ಣಿಟ್ಕಂಡು ಸರ್ಜಾಪುರದೋರ್ ಮನೇಲಿ ಓಳಿಗೆ ತಿಂದ್ ಬಂದ್ಯಾ?" ಎಲ್ಲರೂ ನಕ್ಕರಂತೆ. ಮಾವ ಮನೆಗೆ ಬಂದು ಕಾಗದ ನನ್ನ ಮುಂದೆ ಇಟ್ಟ. "ಇದ್ಯಾರ್ ಬರ್ದಿದ್ದು ಮಗಾ?" ಅಂದ. ನಿಮ್ಮ ಹೆಸರು ಹೇಳದೆ ಕಾಗದ ಮಡಿಸಿ ಬಾಕ್ಸಿನೊಳಗೆ ಇಟ್ಟೆ.

ಮರುದಿನ ನಾನೊಬ್ಬಳೇ ಪೀಣ್ಯಕ್ಕೆ ಹೋದೆ. ನಿಮ್ಮ ಮನೆಗೆ ಬೀಗ ಹಾಕಿತ್ತು. ಮೇಡಂ ಸಿಗಲಿಲ್ಲ. ಆಫೀಸಿನ ಗುಮಾಸ್ತರು, "ಬರೆದವರೇ ಅದು ತಪ್ಪು ಅಂತ ಒಂದು ಸಾಲು ಬರೆದುಕೊಟ್ಟರೆ ಮೇಡಂ ಮುಂದೆ ಇಡ್ತೀನಮ್ಮಾ, ಬೇರೆ ದಾರಿ ಇಲ್ಲ" ಅಂದರು. ಒಳ್ಳೆಯವರು. ನೀರು ಕೊಟ್ಟರು.

ಅಕ್ಕ, ಸೆಪ್ಟೆಂಬರ್ ಹತ್ತರೊಳಗೆ ಫೀಸು ಕಟ್ಟದಿದ್ದರೆ ಪಾಲಿಟೆಕ್ನಿಕ್ಕಿನ ಸೀಟು ಹೋಗುತ್ತದೆ. ಗುಡ್ಲು ಹಾಕೋದು ಯಾವ ಸೋದರಮಾವನಾದರೂ ಮಾಡೋ ಶಾಸ್ತ್ರ, ಮಿಕ್ಕಿದ್ದು ಅಜ್ಜಿಯ ತಮಾಷೆ ಅಂತ ನೀವು ಒಂದು ಸಾಲು ಬರೆದರೆ ಸಾಕು. ಮೇಡಂಗೆ ತೋರಿಸೋಕೆ ಅನುಕೂಲವಾಗಲಿ ಅಂತ ಇದನ್ನೇ ಇಂಗ್ಲಿಷಿನಲ್ಲೂ ಬರೆದು ಎರಡು ದಿನದಲ್ಲಿ ಕಳಿಸುತ್ತೇನೆ.

ಇಂತಿ,
ಭಾಗ್ಯಮ್ಮ

*

ಪೀಣ್ಯ
15 ಸೆಪ್ಟೆಂಬರ್ 1981

ಬಾಗ್ಯಾ ಬಾಗ್ಯಾ ಬಾಗ್ಯಾ,

ಊಟಿ! ಏನು ಹೇಳಲಿ! ಹತ್ತು ದಿನ ಅಂತ ಹೋದವರು ನಾಲ್ಕು ವಾರ ಇದ್ದುಬಿಟ್ಟೆವು. ದೋಣಿಯಲ್ಲಿ ಗೋಪಿಯ ಕನ್ನಡಕ ನೀರಿಗೆ ಬಿತ್ತು, ನನ್ನ ಮುಖವೇ ಸರಿಯಾಗಿ ಕಾಣದೆ ಇನ್ಯಾರದೋ ಹೆಂಡತಿ ಹತ್ತಿರ ಹೋಗಿ "ಪಮ್ಮೀ, ಟೀ ಕುಡಿಯೋಣ" ಅಂದ. ನಿನಗೆ ಅಂತ ಯೂಕಲಿಪ್ಟಸ್ ಎಣ್ಣೆ ತಂದಿದ್ದೀನಿ.

ಬಂದು ನೋಡಿದರೆ ಬಾಗಿಲ ಕೆಳಗೆ ನಿನ್ನ ಎರಡು ಕಾಗದ. ಎರಡನೆಯದು ಇಂಗ್ಲಿಷಿನಲ್ಲಿ! ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ಎರಡೇ ತಿಂಗಳ ಭಾನುವಾರದ ಕ್ಲಾಸಿನಲ್ಲಿ ಇಷ್ಟು ಇಂಪ್ರೂವ್‌ಮೆಂಟು! ತಕ್ಷಣ ಕೆಂಪು ಇಂಕಿನ ಪೆನ್ನು ತಗೊಂಡು ಕೂತೆ. ತಿದ್ದಿದ್ದನ್ನ ಇದರ ಜೊತೆ ವಾಪಸ್ ಕಳಿಸ್ತಿದ್ದೀನಿ, ಸರಿಯಾಗಿ ನೋಡಿಕೋ. 'ಇಟ್ ವಾಸ್ ಜೋಕ್' ಅಲ್ಲ ಕಣೇ, 'ಇಟ್ ವಾಸ್ ಎ ಜೋಕ್.' ಆ 'ಎ' ಬಿಟ್ಟರೆ ಅರ್ಥವೇ ನಿಲ್ಲಲ್ಲ. 'ಪ್ಲೀಸ್' ಅಂತ ಐದು ಸಲ ಬರೆದಿದ್ದೀಯ, ಒಂದು ಸಾಕು. 'ಮೈ ಲೈಫ್ ಈಸ್ ಇನ್ ಯುವರ್ ಒನ್ ಲೈನ್' ಅನ್ನೋದು ಗ್ರಾಮರ್ ಪ್ರಕಾರ ತಪ್ಪಲ್ಲ, ಆದರೆ ಹಾಗೆ ಯಾರೂ ಬರೆಯಲ್ಲ, ನಾಟಕದ ಥರ ಆಗುತ್ತೆ. ಹತ್ತಕ್ಕೆ ಏಳು ಕೊಟ್ಟಿದ್ದೀನಿ. ಕಾನ್ವೆಂಟಿನ ಸಿಸ್ಟರ್ ಆಗಿದ್ದರೆ ಐದೇ ಕೊಡ್ತಿದ್ದರು, ಅವರು ಅಷ್ಟು ಸ್ಟ್ರಿಕ್ಟು.

ತಿದ್ದಿ ಮುಗಿಸಿದ ಮೇಲೆ ನೆನಪಾಯ್ತು, ಇದನ್ನ ಮೇಡಂಗೆ ತೋರಿಸಬೇಕಿತ್ತಲ್ವಾ ಅಂತ. ತುಂಬ ಕೆಂಪು ಇಂಕು ಆಗಿಬಿಟ್ಟಿದೆ, ಹೇಗೆ ತೋರಿಸೋದು?

ಮತ್ತೆ, ನೀನು ಬೇಜಾರು ಮಾಡ್ಕೋಬಾರದು. ಗೋಪಿಗೆ ಎಲ್ಲ ಹೇಳಿದೆ. ಅವನು, "ಬೇಡ ಪಮ್ಮಿ" ಅಂದ. ದಸರಾಕ್ಕೆ ಅಸಿಸ್ಟೆಂಟ್ ಮ್ಯಾನೇಜರ್ ಲಿಸ್ಟು ಬರುತ್ತೆ, ಇವನ ಹೆಸರು ಮೇಲಿದೆ. ಮೇಡಂ ನನ್ನ ರಿಪೋರ್ಟನ್ನ ಕಮಿಟಿಯಲ್ಲಿ ಎಲ್ಲರಿಗೂ ಓದಿ ಹೇಳಿ, "ಇಷ್ಟು ಹತ್ತಿರದಿಂದ ನೋಡಿ ಬರೆದವರು ಇವಳೊಬ್ಬಳೇ" ಅಂದರಂತೆ. ಈಗ ನಾನೇ ಹೋಗಿ ಅದು ತಮಾಷೆ ಅಂದರೆ ಎಲ್ಲರ ಮುಂದೆ ನಗೆಪಾಟಲಾಗ್ತೀನಿ, ಅಲ್ವಾ? ನಾನು ಸುಳ್ಳು ಬರೆದೆ ಅಂತಾಗುತ್ತೆ. ನಾನು ಸುಳ್ಳು ಬರೆದಿಲ್ಲ, ನಿಮ್ಮಜ್ಜಿ ಹೇಳಿದ್ದನ್ನೇ ಬರೆದಿದ್ದು.

ಹತ್ತನೇ ತಾರೀಕು ಹೇಗೂ ಕಳೆದೇ ಹೋಗಿದೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕೋಣ. ಆಗ ರಿಪೋರ್ಟನ್ನ ಇನ್ನೂ ಚೆನ್ನಾಗಿ ಬರೀತೀನಿ, ಪ್ರಾಮಿಸ್!

ಬಾಕ್ಸ್ ಬೇಗ ಕಳಿಸು. ವೇಟಿಂಗ್ ಲಿಸ್ಟಿನ ಹುಡುಗಿ ಕಾಯ್ತಿದ್ದಾಳೆ.

ನಿನ್ನ
ಪಮ್ಮಿ

*

ಪಟ್ಟಂದೂರು ಅಗ್ರಹಾರ
5-11-81

ಪ್ರಮೀಳಕ್ಕನವರಿಗೆ,

ಲಗ್ನಪತ್ರಿಕೆ ಇದರ ಜೊತೆಗಿದೆ. ನಿಮ್ಮ ತಂದೆಯವರ ಮನೆಗೆ ಅಮ್ಮ ಹೋಗಿ ಕೊಟ್ಟು ಬಂದಿದ್ದಾಳೆ. ನಿಮಗೂ ಒಂದು ಕಳಿಸು ಅಂದಳು.

ಸರ್ಜಾಪುರದವರು ಸೆಪ್ಟೆಂಬರಿನಲ್ಲೇ ಬಂದು ಬೀದಿಯಲ್ಲಿ ನಿಂತು ಕೂಗಿ ಹೋದರು. ಆಮೇಲೆ ಮಾವನಿಗೆ ಇನ್ನೆರಡು ಕಡೆ ಕೇಳಿದರು. ನನ್ನನ್ನು ನೋಡೋಕೆ ಜಿಗಣಿಯಿಂದ ಒಬ್ಬರು ಬಂದಿದ್ದರು. ಎಲ್ಲರೂ ಕೇಳಿದ್ದು ಒಂದೇ ಮಾತು. ದೊಡ್ಡವರು ಇಂಗ್ಲಿಷಿನಲ್ಲಿ ಬರೆದು, ಮೊಹರು ಹಾಕಿ ಕಳಿಸಿದ್ದಾರೆ, ನೀವು ಇಲ್ಲ ಅಂತೀರಲ್ಲ ಅಂತ. ಆ ದಿನ ರೇಗಿಸಿದ ಅಜ್ಜಿಯೇ ಈಗ ಅಳುತ್ತಾ, "ಇವ್ನಿಗ್ಯಾರೂ ಎಣ್ ಕೊಡಾಕಿಲ್ಲ, ಇವ್ಳ್ನ್ಯಾರೂ ತಕ್ಕೊಳಾಕಿಲ್ಲ, ಕಟ್ಬುಡ್ರೋ ಅತ್ಲಾಗೆ" ಅಂದಳು.

ಮಾವ ಒಂದೂವರೆ ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನಾನು ಒಳಗಿದ್ದರೆ ಅವನು ಜಗಲಿಯಲ್ಲಿ, ನಾನು ಜಗಲಿಗೆ ಬಂದರೆ ಅವನು ಹೊಲದಲ್ಲಿ. ಬಾಕ್ಸನ್ನು ಅವನೇ ಪೀಣ್ಯದ ಗೇಟಿನಲ್ಲಿ ಕೊಟ್ಟು ಬಂದ. ಅದೇ ವಾಚ್‌ಮನ್ನು ಇದ್ದನಂತೆ. ಅವನು ಏನು ಕೇಳಿದ, ಇವನು ಏನು ಹೇಳಿದ, ನನಗೆ ತಿಳಿಯದು. ಮೊನ್ನೆ ಪತ್ರಿಕೆ ಅಚ್ಚಾಗಿ ಬಂದ ದಿನ ಮಾವ ಮೊದಲ ಸಲ ಮಾತಾಡಿದ. "ಭಾಗ್ಯಮ್ಮ, ಒಸಿ ನೀರ್ ಕೊಡು" ಅಂದ. ಹದಿನಾಲ್ಕು ವರ್ಷದಲ್ಲಿ ಅವನು ನನ್ನನ್ನು 'ಮಗಾ' ಅಂತಲ್ಲದೆ ಕರೆದಿರಲಿಲ್ಲ.

ನೀವು ತಿದ್ದಿ ಕಳಿಸಿದ್ದನ್ನು ಇಟ್ಟುಕೊಂಡಿದ್ದೇನೆ. ತಪ್ಪುಗಳನ್ನೆಲ್ಲ ನೋಡಿಕೊಂಡೆ. ನನ್ನ ಕಡೆಯಿಂದಲೂ ಒಂದು ತಿದ್ದುಪಡಿ ಇದೆ, ಕೋಪ ಮಾಡಿಕೊಳ್ಳಬೇಡಿ. ನನ್ನ ಹೆಸರಿನ ಮೊದಲಕ್ಷರಕ್ಕೆ ಮಹಾಪ್ರಾಣ ಬೇಕು. ನೀವು ಪ್ರತಿ ಕಾಗದದಲ್ಲೂ ಬಾಗ್ಯ ಅಂತಲೇ ಬರೆದಿದ್ದೀರಿ. ಮೂರನೇ ಕ್ಲಾಸಿಗೇ ಬಿಟ್ಟವರಿಗೂ ಅದು ಬರುತ್ತೆ. ಇದಕ್ಕೆ ಎಷ್ಟು ಮಾರ್ಕು ಕಳೆಯಬೇಕು, ನೀವೇ ಹೇಳಿ.

ಮದುವೆ ಭಾನುವಾರ ಇಪ್ಪತ್ತೊಂಬತ್ತಕ್ಕೆ. ನಿಮಗೆ ಪುರುಸೊತ್ತಿಲ್ಲದಿದ್ದರೆ ನಾವು ಯಾರೂ ತಪ್ಪು ತಿಳಿಯುವುದಿಲ್ಲ.

ಇಂತಿ,
ಭಾಗ್ಯಮ್ಮ

*

ಪೀಣ್ಯ
20 ನವೆಂಬರ್ 1981

ಮದುಮಗಳೇ!!

ಕಳ್ಳಿ! ಪತ್ರಿಕೆ ತೆಗೆದು ನೋಡಿ ಕಿಟಾರನೆ ಕಿರುಚಿದೆ, ಪಕ್ಕದ ಮನೆಯವರು ಹಾವು ಬಂತೇನೋ ಅಂತ ಕೋಲು ಹಿಡಿದು ಬಂದರು. ಚಿ. ಸೌ. ಅಂತ ನಿನ್ನ ಹೆಸರು, ಪಕ್ಕದಲ್ಲಿ ನಲ್ಲಪ್ಪ ಮಾವ! ನೋಡಿದೆಯಾ, ನಾನು ಬರೆದದ್ದು ಸುಳ್ಳಾಗಲಿಲ್ಲ! ನಿಮಗಿಬ್ಬರಿಗೂ ಗೊತ್ತಾಗೋ ಮೊದಲೇ ನನಗೆ ಗೊತ್ತಿತ್ತು. ಗೋಪಿ ಅಂತಾನೆ, "ನೀನು ಬರೀ ರೈಟರ್ ಅಲ್ಲ, ಜ್ಯೋತಿಷಿ."

ಪತ್ರಿಕೆ ತಗೊಂಡು ಸೀದಾ ಮೇಡಂ ಮನೆಗೆ ಓಡಿದೆ. ಅವರಿಗೆ ಎಷ್ಟು ಸಮಾಧಾನವಾಯ್ತು ಅಂತೀಯ! ಇಷ್ಟು ದಿನ ಎಲ್ಲೋ ಒಂದು ಅಳುಕಿತ್ತಂತೆ, ಹುಡುಗಿಗೆ ಅನ್ಯಾಯ ಮಾಡಿದೆವೇನೋ ಅಂತ. ಪತ್ರಿಕೆಯನ್ನ ನಿನ್ನ ಫೈಲಿಗೆ ಸೇರಿಸಿ, "ನೋಡಿ, ವಿಚಾರಣೆ ಅಂದರೆ ಹೀಗಿರಬೇಕು" ಅಂತ ಆ ಗುಮಾಸ್ತರಿಗೆ ಹೇಳಿದರು. ಅವರ ಮುಖ ಯಾಕೋ ಗಂಟಾಗಿತ್ತು. ಮುಂದಿನ ವರ್ಷದಿಂದ ಏಳೂ ಹುಡುಗಿಯರ ಮನೆ ವಿಚಾರಣೆ ನಂದೇ! ಗೋಪಿಯೂ ಅಸಿಸ್ಟೆಂಟ್ ಮ್ಯಾನೇಜರ್ ಆದ, ಹೇಳೋಕೇ ಮರೆತಿದ್ದೆ. ಎಲ್ಲ ನಿನ್ನ ಕಾಲ್ಗುಣ.

ನಿನ್ನ ಜಾಗಕ್ಕೆ ಬಂದ ಹುಡುಗಿ ಪರವಾಗಿಲ್ಲ, ಸ್ವಲ್ಪ ಮಂದ. ಆ ಬಾಕ್ಸ್ ಅವಳಿಗೇ ಕೊಟ್ಟಿದ್ದಾರೆ. ಮುಚ್ಚಳದ ಒಳಗೆ ಹೆಸರು ಕೆತ್ತಿದೆಯಂತೆ, ಪಾಪ ಬ್ಲೇಡು ಹಾಕಿ ಕೆರೀತಾನೇ ಇದ್ದಾಳೆ. ಮಿಕ್ಕ ಅಕ್ಷರ ಎಲ್ಲ ಹೋಯ್ತಂತೆ, ಮೊದಲನೇದು ಮಾತ್ರ ಎಷ್ಟು ಕೆರೆದರೂ ಹೋಗಲ್ವಂತೆ. ಹಾಗೇ ಇರಲಿ ಬಿಡೇ, ಸ್ಟೈಲಾಗಿದೆ ಅಂದೆ.

ಅಯ್ಯೋ, ಮಹಾಪ್ರಾಣ! ಓದಿ ತುಂಬ ನಕ್ಕೆ. ನೀನು ಇಷ್ಟು ತುಂಟಿ ಅಂತ ಗೊತ್ತಿರಲಿಲ್ಲ. ಸರಿ, ನನಗೂ ಹತ್ತಕ್ಕೆ ಏಳು ಕೊಡು, ಲೆಕ್ಕ ಸಮ. ಇನ್ನು ಮೇಲೆ ಸರಿಯಾಗಿ ಬರೀತೀನಿ, ದೇವರಾಣೆ ಬಾಗ್ಯಾ.

ಬರದೇ ಇರ್ತೀನಾ? ಪುರುಸೊತ್ತಿಲ್ಲ ಅಂತ ನನಗೆ ಸಂಕೋಚ ಬೇರೆ ತೋರಿಸ್ತೀಯ! ನಿನಗೆ ಒಂದು ಸರ್‌ಪ್ರೈಸ್ ಇದೆ, ಆದರೆ ನನಗೆ ಹೊಟ್ಟೆಯಲ್ಲಿ ಏನೂ ನಿಲ್ಲಲ್ಲ, ಹೇಳೇಬಿಡ್ತೀನಿ. ಮೇಡಂ ಹತ್ತಿರ ಕೇಳಿ ನನ್ನ ರಿಪೋರ್ಟನ್ನ ಇಸಕೊಂಡಿದ್ದೀನಿ. ಧಾರೆ ಆದ ಮೇಲೆ ಎಲ್ಲರೂ ಊಟಕ್ಕೆ ಕೂತಿರ್ತಾರಲ್ಲ, ಆಗ ಎದ್ದು ನಿಂತು ಗುಡಿಸಲಿನ ಭಾಗ ಓದಿ, ಕನ್ನಡದಲ್ಲಿ ಅರ್ಥ ಹೇಳ್ತೀನಿ. ಚಿನ್ನಪ್ಪ, ಹನುಮಯ್ಯ ಮೇಷ್ಟ್ರು, ಎಲ್ಲರೂ ಇರಬೇಕು. ನಿಮ್ಮಜ್ಜಿಯನ್ನ ನನ್ನ ಪಕ್ಕದಲ್ಲೇ ಕೂರಿಸು.

ಚಪ್ಪರಕ್ಕೆ ಈ ಸಲವೂ ಸೊಪ್ಪು ತರೋನು ನಲ್ಲಪ್ಪ ಮಾವನೇನಾ? ಮದುಮಗ ತರಬಾರದು ಅಂತಾರೇನೋ. ಹಾಗಾದರೆ ನಿನ್ನ ಸೋದರಮಾವ ಅಂತ ಇನ್ಯಾರು ತರ್ತಾರೆ? ನೆನೆಸಿಕೊಂಡರೆ ನಗು ತಡೆಯೋಕಾಗ್ತಿಲ್ಲ!

ಸ್ಟೇಷನ್ನಿಗೆ ಅವನನ್ನೇ ಕಳಿಸು, ಸೈಕಲ್ ಮೇಲೆ ಕೂರಿಸಿಕೊಂಡು ಬರಲಿ. ನಿನ್ನನ್ನ ಸ್ಕೂಲಿಗೆ ಕೂರಿಸಿಕೊಂಡು ಹೋಗ್ತಿದ್ದ ಹಾಗೆ. ದಾರಿಯುದ್ದಕ್ಕೂ ಗೋಳು ಹುಯ್ಕೋತೀನಿ.

ನಿನ್ನ
ಪಮ್ಮಿ

ಯಾವಾಗ ಅಂತಲೇ ಬರೆದಿಲ್ಲ ನೋಡು: ಇಪ್ಪತ್ತೆಂಟನೇ ತಾರೀಕು, ಶನಿವಾರ, ಬೆಳಗಿನ ಬಂಗಾರಪೇಟೆ ಪ್ಯಾಸೆಂಜರಿಗೆ ವೈಟ್‌ಫೀಲ್ಡಿನಲ್ಲಿ ಇಳೀತೀನಿ.